ಹರಿಹರದ ಉತ್ಸವವೂ ಕ್ಯಾಥೊಲಿಕರ ಭಕ್ತಿಯೂ

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳು ಒಂದೇ ರೈಲುದಾರಿಯ ಮೇಲಿನ ಊರುಗಳು. ಆ ದಾರಿಯೇ ಮುಂದೆ ತುಂಗಭದ್ರೆಯನ್ನು ದಾಟಿ ಹರಿಹರವನ್ನು ಮುಟ್ಟುವದು. 1956ರ ಏಕೀಕರಣಕ್ಕೆ ಮುಂಚೆ ಈ ಹೊಳೆಯು ಕನ್ನಡಿಗರ ನಡುವೆ ಎಳೆದ ಗೆರೆಯಾಗಿತ್ತು. ಈಚೆಯ ದಂಡೆ ಮುಂಬಯಿಯದು, ಆಚೆಯದು ಮೈಸೂರಿನದು. ಆ ಗೆರೆ ಈಗ ಅಳಿದಿದೆ. ಪ್ರತಿವರ್ಷ ಸೆಪ್ಟೆಂಬರ 8ರಂದು, ಮರಿಯಮ್ಮನವರ ಜನ್ಮದಿನಕ್ಕೆ, ಹರಿಹರದ ಆರೋಗ್ಯಮಾತೆಯ ಇಗರ್ಜಿಗೆ ಹೋಗುವವರಲ್ಲಿ ಕ್ಯಾಥೊಲಿಕರು ಮಾತ್ರವಲ್ಲ, ಹರಕೆ ಹೊತ್ತ ಹಿಂದೂ ಕುಟುಂಬಗಳೂ ಇರುವವು. ಹರಿಯನ್ನೂ ಹರನನ್ನೂ ಒಂದೇ ವಿಗ್ರಹದಲ್ಲಿ ಕೂಡಿಸಿದ ಊರಿಗೆ ಇದು ಹೊಸ ಸಂಗತಿಯಲ್ಲ.

2022ರಲ್ಲಿ ಆಗಿನ ಪೋಪ್ ಫ್ರಾನ್ಸಿಸರು ಈ ಇಗರ್ಜಿಗೆ ಬಸಿಲಿಕಾ ಎಂಬ ಪದವಿಯನ್ನು ಕೊಟ್ಟರು. ಪದವಿ ಬಂದರೆ ಶೃಂಗಾರ ಹೆಚ್ಚುವದು ಲೋಕರೂಢಿ. ಆದರೆ ಈ ಪದವಿಯನ್ನು ಕುರಿತು ರೋಮಿನವರು 1989ರಲ್ಲಿ ಹೊರಡಿಸಿದ ನಿಯಮಗಳನ್ನು ನೋಡಿದರೆ, ಅವರು ಮುಖ್ಯವಾಗಿ ಕೇಳಿರುವದು ದೀಪಾಲಂಕಾರವನ್ನಲ್ಲ. ಪೂಜಾವಿಧಿಗಳು ಮಾದರಿಯಾಗಿ ನಡೆಯಬೇಕು. ಭಕ್ತರ ಪಾಪನಿವೇದನೆಯನ್ನು ಕೇಳಲು ಸಾಕಷ್ಟು ಪಾದ್ರಿಗಳಿರಬೇಕು ಎಂಬುದು ಅವುಗಳಲ್ಲಿ ಸೇರಿದೆ.

ಈ ಮಾತನ್ನು ನಾವು ನಮ್ಮ ಪರಿಚಯದ ಒಬ್ಬ ಕ್ಯಾಥೊಲಿಕ ಗೃಹಸ್ಥರ ಮುಂದೆ ಎತ್ತಿದೆವು. ಸರಕಾರಿ ಚಾಕರಿಯಿಂದ ನಿವೃತ್ತರಾದವರು, ಮಾತು ಕಡಿಮೆ. ಮಗನಿಗೆ ನೌಕರಿ ದೊರೆತ ವರ್ಷ ತಾವು ಹರಿಹರದಲ್ಲಿ ಆಳೆತ್ತರದ ಮೇಣದಬತ್ತಿಯನ್ನು ಹಚ್ಚಿ ಬಂದುದಾಗಿಯೂ, ಆದರೆ ಒಡಹುಟ್ಟಿದ ತಮ್ಮನ ಮೇಲೆ ಹೂಡಿದ ಹೊಲದ ದಾವೆಯನ್ನು ಆ ವರ್ಷವೂ ಬಿಡಲಿಲ್ಲವೆಂದೂ ಅವರೇ ಹೇಳಿದರು. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಡನೆ ಒಂದಾಗು ಎಂಬ ಕ್ರಿಸ್ತನ ಉಪದೇಶವು ಮತ್ತಾಯನ ಸುವಾರ್ತೆಯಲ್ಲಿದೆ. ಆ ಅಧ್ಯಾಯವು ಅವರಿಗೆ ಬಾಯಿಪಾಠ. ನಮಗೆ ಅದನ್ನು ತೋರಿಸಿಕೊಟ್ಟವರೂ ಅವರೇ.

ಹಾಗೆಂದು ಉತ್ಸವವೆಲ್ಲ ಡಂಭಾಚಾರವೆಂದು ತಳ್ಳಿಬಿಡುವದು ಸುಲಭ, ನ್ಯಾಯವಲ್ಲ. ಒಂದು ಕಾಲಕ್ಕೆ ಬಲಿಪೂಜೆ ನಡೆಯುತ್ತಿದ್ದುದು ಲ್ಯಾಟಿನ ಭಾಷೆಯಲ್ಲಿ. ಪಾದ್ರಿಗಳ ಮುಖ ಪೀಠದ ಕಡೆಗೆ, ಬೆನ್ನು ಜನರ ಕಡೆಗೆ. ಅರ್ಥವಾಗದ ಮಂತ್ರವನ್ನು ಕೇಳುತ್ತ ಒಕ್ಕಲಿಗನು ಜಪಮಾಲೆಯ ಮಣಿಗಳನ್ನು ಎಣಿಸುತ್ತ ಕೂತಿರುತ್ತಿದ್ದನು. ತೇರು, ಮೆರವಣಿಗೆ, ಹರಕೆಗಳಲ್ಲಿ ಮಾತ್ರ ಅವನಿಗೆ ತನ್ನದೆಂಬ ಪಾಲು ಇದ್ದಿತು. ಆದುದರಿಂದ ಅವನು ಅವುಗಳನ್ನು ಬಿಗಿಯಾಗಿ ಹಿಡಿದುಕೊಂಡನು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. ಪೂಜೆ ಕನ್ನಡಕ್ಕೆ ಬಂದಿತು. ಜನರ ಭಕ್ತ್ಯಾಚರಣೆಗಳನ್ನು ಆ ಸಭೆ ಮೆಚ್ಚಿಕೊಂಡಿತಾದರೂ, ಅವು ಪೂಜೆಯ ಕಡೆಗೆ ಒಯ್ಯುವಂತಿರಬೇಕೆಂದು ವಿಧಿಸಿತು. ಹನ್ನೆರಡು ವರ್ಷಗಳ ತರುವಾಯ ಆರನೆಯ ಪೌಲರು, ಜನಪದ ಭಕ್ತಿಯಲ್ಲಿ ಮೂಢನಂಬಿಕೆಯ ಅಪಾಯವುಂಟೆಂದೂ, ಸರಿಯಾದ ದಾರಿಯಲ್ಲಿ ನಡೆಸಿದರೆ ಅದು ದೊಡ್ಡ ಸಂಪತ್ತೆಂದೂ ಬರೆದರು. ತಿಳಿಯದ ಭಾಷೆಯ ನೆಪ ಈಗ ಯಾರಿಗೂ ಉಳಿದಿಲ್ಲ.

ಸದ್ದಿನ ವಿಷಯ ಬೇರೆ. ಮದ್ರಾಸಿನ ಒಂದು ಕ್ರೈಸ್ತ ಪಂಥದ, ಕ್ಯಾಥೊಲಿಕವಲ್ಲದ, ಪ್ರಾರ್ಥನಾಮಂದಿರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2000ದಲ್ಲಿ ತೀರ್ಪಿತ್ತು, ಇತರರ ಶಾಂತಿಗೆ ಭಂಗ ತಂದು ಧ್ವನಿವರ್ಧಕದಲ್ಲಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಹೇಳುವದಿಲ್ಲವೆಂದಿತು. ಅದೇ ವರ್ಷದ ಕೇಂದ್ರ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರ ವರೆಗೆ ಅದನ್ನು ನಿಷೇಧಿಸಿವೆ. ಹಾವೇರಿಯ ಯಾವ ಗಣಪತಿ ಮಂಟಪದವರು ಇದನ್ನು ಓದಿದ್ದಾರೆ?

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಮನೆಯ ಗಣಪತಿಯನ್ನು 1893ರಿಂದ ಬೀದಿಗೆ ತಂದು ನಿಲ್ಲಿಸಿದವರು ಲೋಕಮಾನ್ಯ ತಿಲಕರು. ನಮ್ಮಂಥ ರಾಷ್ಟ್ರೀಯ ಪತ್ರಿಕೆಗಳು ಅದನ್ನು ಕೊಂಡಾಡುತ್ತಲೇ ಬಂದಿವೆ. ಸಭೆ ಸೇರಲು ಪರಕೀಯರ ಅಡ್ಡಿಯಿದ್ದ ದಿನಗಳಲ್ಲಿ ಉತ್ಸವವು ಜನರನ್ನು ಕೂಡಿಸಿತು, ನಿಜ. ಆ ಅಡ್ಡಿ ಹೋಗಿ ಎಷ್ಟೋ ದಶಕಗಳಾದವು; ಮಂಟಪ ಮಾತ್ರ ದೊಡ್ಡದಾಗುತ್ತಲೇ ಇದೆ. ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಕನಕದಾಸರ ಜಯಂತಿಗೆ ಸರಕಾರವು ರಜೆ ಕೊಡುತ್ತದೆ. ಗುಡಿಯ ಹೊರಗೆ ನಿಂತು ದೇವರನ್ನು ಕಂಡರೆಂದು ನಾವು ನೆನೆಯುವ ದಾಸರ ಹೆಸರಿನಲ್ಲಿ, ವೇದಿಕೆಯ ಮೇಲೆ ಕುರ್ಚಿಗಾಗಿ ನೂಕಾಟವಾಗುವದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಅದೇ ಸೆಪ್ಟೆಂಬರ 8ನ್ನು ಮಂಗಳೂರಿನ ಕ್ಯಾಥೊಲಿಕರು ಆಚರಿಸುವ ಬಗೆಯನ್ನು ವಾಚಕರು ಗಮನಿಸಬೇಕು. ಇಗರ್ಜಿಯಲ್ಲಿ ಹೊಸ ತೆನೆಗಳಿಗೆ ಆಶೀರ್ವಾದವಾಗುವದು. ಮಕ್ಕಳು ಮರಿಯಮ್ಮನವರಿಗೆ ಹೂವು ಅರ್ಪಿಸುವರು. ಆಮೇಲೆ ತೆನೆಯನ್ನು ಮನೆಗೆ ತಂದು, ದೇವರ ಮುಂದೆ ಪ್ರಾರ್ಥಿಸಿ, ಹೊಸ ಅಕ್ಕಿಯನ್ನು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಮನೆಯ ಹಿರಿಯರು ಎಲ್ಲರಿಗೂ ಹಂಚುವರು. ಅಂದು ಮಾಂಸವಿಲ್ಲ; ಕಾಯಿಪಲ್ಯದ ಊಟ. ಮುನಿಸಿಕೊಂಡ ತಮ್ಮನನ್ನು ಬಿಟ್ಟು ಆ ಪಂಕ್ತಿಯಲ್ಲಿ ಕೂಡ್ರುವದು ಕಷ್ಟ. ತೇರಿನ ಗದ್ದಲದಲ್ಲಾದರೆ ಅವನು ಬಂದಿಲ್ಲವೆಂಬುದೇ ತಿಳಿಯದು.

ಹರಿಹರದ ಹಿರಿಯರಿಗೆ ನಮ್ಮದೊಂದು ಬಿನ್ನಹ. ಹಬ್ಬಕ್ಕೆ ಮುಂಚಿನ ಒಂಬತ್ತು ದಿನಗಳ ಪ್ರಾರ್ಥನೆಯಲ್ಲಿ ಒಂದು ಸಾಯಂಕಾಲವನ್ನು ಧ್ವನಿವರ್ಧಕವಿಲ್ಲದೆ ನಡೆಸಿರಿ. ಅಂದು ಕನ್ನಡ ಬಲ್ಲ ಪಾದ್ರಿಗಳನ್ನು ಪಾಪನಿವೇದನೆಗೆ ಹೆಚ್ಚಾಗಿ ಕೂಡ್ರಿಸಿರಿ. ಅನ್ಯಮತದವರು ಹೇಳಿದರೆಂದು ಬೇಸರಿಸಬಾರದು. ಇಷ್ಟೇ ಬಿನ್ನಹವನ್ನು ಗಣಪತಿ ಮಂಡಳಿಗಳಿಗೂ ಕಾಗಿನೆಲೆಯವರಿಗೂ ಮಾಡುವವರಿದ್ದೇವೆ.

ನಮ್ಮ ಆ ಗೃಹಸ್ಥರು ಈಚೆಗೆ ತಮ್ಮನಿಗೆ ರಾಜಿಯ ಪತ್ರ ಬರೆದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.