ನಿಮಗಿದು ಗೊತ್ತೆ? ಒಂದು ಕೋಶ, ನಾಲ್ಕು ಅಂಗಾಂಶ

ನಮ್ಮ ದೇಹ ಶುರುವಾಗುವುದು ಒಂದೇ ಜೀವಕೋಶದಿಂದ. ಅದು ಒಡೆದು ಒಡೆದು ಮೂರನೇ ವಾರದ ಹೊತ್ತಿಗೆ ಮೂರು ಪದರಗಳಾಗುತ್ತದೆ. ಈ ಕೋಶಗಳ ವಂಶವಾಹಿಗಳೆಲ್ಲ ಒಂದೇ. ಅವುಗಳಲ್ಲಿ ಯಾವುದು ಎಚ್ಚರವಾಗಿದೆ ಎಂಬುದರ ಮೇಲೆ ಒಂದು ಕೋಶ ನರವಾಗುತ್ತದೆ, ಇನ್ನೊಂದು ಮೂಳೆಯಾಗುತ್ತದೆ. ಒಂದೇ ಕೆಲಸಕ್ಕೆ ಒಟ್ಟುಗೂಡಿದ ಕೋಶಗಳ ಗುಂಪೇ ಅಂಗಾಂಶ.

• ಕೋಶಗಳಲ್ಲಿ ಸುಮಾರು 200 ಬಗೆ. ಅಂಗಾಂಶಗಳಲ್ಲಿ ಮುಖ್ಯವಾದವು ನಾಲ್ಕೇ: ಅನುಲೇಪಕ, ಸಂಯೋಜಕ, ಸ್ನಾಯು, ನರ.

• ಗುಬ್ಬಿ: 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯ ಆರಂಭದ ದಿನಗಳಲ್ಲಿ ಮೈಕ್ ಇರಲಿಲ್ಲ. ನಟರ ದನಿ ಕೊನೆಯ ಸಾಲಿಗೂ ಮುಟ್ಟಬೇಕಿತ್ತು. ಆ ದನಿ ಹೊರಡಿಸುವ ಪುಟ್ಟ ಧ್ವನಿತಂತುವಿನಲ್ಲಿ ನಾಲ್ಕೂ ಅಂಗಾಂಶಗಳಿವೆ: ಮೇಲೆ ಅನುಲೇಪಕದ ಹೊದಿಕೆ, ಕೆಳಗೆ ಸಂಯೋಜಕ ಪದರ, ಒಳಗೆ ಸ್ನಾಯು, ಆಜ್ಞೆ ತರುವ ನರ.

• ಕುಣಿಗಲ್: ಇಲ್ಲಿನ ಫಾರಂನಲ್ಲಿ ಬೆಳೆದ ರೇಸ್ ಕುದುರೆಗಳು ಹೆಸರುವಾಸಿ. ಕುದುರೆಯ ಮುಂಗಾಲಿನಲ್ಲಿ ಮಂಡಿಯ ಕೆಳಗೆ ಸ್ನಾಯು ಇಲ್ಲವೆನ್ನುವಷ್ಟು ಕಡಿಮೆ. ಓಟದ ಭಾರ ಹೊರುವುದು ಸಂಯೋಜಕ ಅಂಗಾಂಶವಾದ ಸ್ನಾಯುರಜ್ಜು. ಮನುಷ್ಯರಲ್ಲೂ ಇದಕ್ಕೆ ರಕ್ತಪೂರೈಕೆ ಕಡಿಮೆ. ಹಾಗಾಗಿಯೇ ಪೆಟ್ಟಾದರೆ ಬೇಗ ಮಾಯುವುದಿಲ್ಲ.

• ತುಮಕೂರು: 1988ರಲ್ಲಿ ಆರಂಭವಾದ ಸಿದ್ಧಾರ್ಥ ವೈದ್ಯಕೀಯ ಕಾಲೇಜು ಇಲ್ಲಿದೆ. ವೈದ್ಯ ವಿದ್ಯಾರ್ಥಿಗಳು ಮೊದಲ ವರ್ಷವೇ ಅಂಗಾಂಶಗಳನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಲು ಕಲಿಯುತ್ತಾರೆ. ಬಣ್ಣ ಹಾಕಿದ ಸ್ಲೈಡ್‌ನಲ್ಲಿ ಕೋಶಕೇಂದ್ರ ನೇರಳೆ, ಸುತ್ತಲಿನ ಭಾಗ ಗುಲಾಬಿ.

• ಫ್ರಾನ್ಸಿನ ವೈದ್ಯ ಬಿಶಾ 1801ರಲ್ಲಿ ಸೂಕ್ಷ್ಮದರ್ಶಕದ ನೆರವಿಲ್ಲದೆಯೇ 21 ಬಗೆಯ ಅಂಗಾಂಶಗಳನ್ನು ವಿಂಗಡಿಸಿದ್ದರು!

• ರಕ್ತ ಹರಿಯುವ ದ್ರವವಾದರೂ ಅದೂ ಒಂದು ಸಂಯೋಜಕ ಅಂಗಾಂಶವೇ.