ಒಂದು ಕಾರಿಗೆ ಎರಡು ಬ್ಯಾಟರಿ ಏಕೆ?

ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ದಿನ ಮೂಡಲಗಿ ಕಡೆಯ ನಮ್ಮ ವಿದ್ಯಾರ್ಥಿನಿಯೊಬ್ಬಳು ಗಂಟೆ ಹೊಡೆಯುವ ಹೊತ್ತಿಗೆ ತಂದೆಯ ಬೈಕಿನಿಂದ ಇಳಿದು ಓಡೋಡಿ ಬಂದಳು. ಮನೆಯಲ್ಲಿ ಕಾರಿತ್ತು. ಬೆಳಿಗ್ಗೆ ಸೆಲ್ಫ್ ಹೊಡೆದರೆ ಬರೀ 'ಟಕ್ ಟಕ್' ಸಪ್ಪಳ. ತಂದೆಯ ಸಿಟ್ಟು ಸಂಜೆಗೂ ಇಳಿದಿರಲಿಲ್ಲ. "ಹೈಬ್ರಿಡ್ ಗಾಡಿರೀ ಸರ್, ಒಂದಲ್ಲ ಎರಡು ಬ್ಯಾಟರಿ ಅದಾವ. ಆದರೂ ಚಾಲೂ ಆಗಲಿಲ್ಲ ಅಂದ್ರ ಹೆಂಗ?"

ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕೆ ಮೊದಲು ಹಳೆಯ ಬ್ಯಾಟರಿಯನ್ನು ನೋಡೋಣ.

ಸಾಮಾನ್ಯ ಕಾರಿನ ಬ್ಯಾಟರಿಯಲ್ಲಿ ಆರು ಕೋಶಗಳು. ಪ್ರತಿಯೊಂದರಲ್ಲೂ ಸೀಸ, ಸೀಸದ ಡೈಆಕ್ಸೈಡ್ ಮತ್ತು ಸಾರರಿಕ್ತ ಗಂಧಕಾಮ್ಲ. ಕೋಶಕ್ಕೆ ಎರಡು ವೋಲ್ಟಿಗಿಂತ ತುಸು ಹೆಚ್ಚು. ಒಟ್ಟು ಸುಮಾರು 12.6 ವೋಲ್ಟ್. ಎಂಜಿನ್ ಎಬ್ಬಿಸಲು ಸ್ಟಾರ್ಟರ್ ಮೋಟಾರು 200 ಆಂಪಿಯರ್‌ನಂತೆ 3 ಸೆಕೆಂಡ್ ವಿದ್ಯುತ್ ಎಳೆದರೆ 600 ಕೂಲಂಬ್ ಆಯಿತು. 35 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವುದು 1,26,000 ಕೂಲಂಬ್. ಅಂದರೆ ಖರ್ಚಾದದ್ದು ಇನ್ನೂರರಲ್ಲಿ ಒಂದು ಪಾಲೂ ಅಲ್ಲ! ಸೀಸದ ಬ್ಯಾಟರಿ ಒಮ್ಮೆಲೇ ಧಾರಾಳವಾಗಿ ಕೊಡುತ್ತದೆ. ಆದರೆ ಮರಳಿ ತುಂಬಿಕೊಳ್ಳುವುದು ಮಾತ್ರ ನಿಧಾನ.

ಮೈಲ್ಡ್ ಹೈಬ್ರಿಡ್‌ಗೆ ಅಡ್ಡಿಯಾಗುವುದು ಈ ನಿಧಾನವೇ. 1,200 ಕಿಲೋ ತೂಕದ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 1,67,000 ಜೂಲ್ (ಮಕ್ಕಳು ಸೂತ್ರ ಹಾಕಿ ನೋಡಲಿ). ಬ್ರೇಕ್ ಒತ್ತಿ ನಿಲ್ಲಿಸಿದರೆ ಬಹುಪಾಲು ಶಾಖವಾಗಿ ಗಾಳಿಗೆ ಹೋಗುತ್ತದೆ. ಬೀಳುವ ನೀರಿನ ಶಕ್ತಿಯನ್ನು ಹಿಡಿಯುವುದು ಗೋಕಾಕ ಜಲಪಾತದ ನಮಗೆ ಹೊಸತಲ್ಲ; ನಿಲ್ಲುವ ಕಾರಿನ ಶಕ್ತಿಯಲ್ಲೂ ಸ್ವಲ್ಪವನ್ನು ಹಿಡಿಯಬಹುದು. ಎಂಜಿನ್‌ಗೆ ಬೆಲ್ಟಿನಿಂದ ಜೋಡಿಸಿದ ಯಂತ್ರವೊಂದು ವೇಗ ಇಳಿಸುವಾಗ ಜನರೇಟರ್ ಆಗುತ್ತದೆ, ಏರಿಸುವಾಗ ಮೋಟಾರ್ ಆಗಿ ಕೈಜೋಡಿಸುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಬರುವ ಈ ವಿದ್ಯುತ್ತನ್ನು ಬೇಗ ನುಂಗಲು ಲಿಥಿಯಂ-ಅಯಾನ್ ಬ್ಯಾಟರಿಯೇ ವಾಸಿ. ಮಾರುತಿ ಸುಜುಕಿ 2015ರಲ್ಲಿ ಸಿಯಾಜ್ ಡೀಸೆಲ್ ಕಾರಿಗೆ ಈ ಏರ್ಪಾಡು ತಂದಾಗ ಸೀಸದ ಬ್ಯಾಟರಿ ಒಂದೇ ಇತ್ತು. 2018ರ ಪೆಟ್ರೋಲ್ ಸಿಯಾಜ್, ಎರ್ಟಿಗಾಗಳಲ್ಲಿ ಪುಟ್ಟ ಲಿಥಿಯಂ ಬ್ಯಾಟರಿಯೂ ಸೇರಿತು. ಬ್ಯಾಟರಿಯಿಂದಲೇ ಕಾರು ಓಡೀತೆಂದು ಮಾತ್ರ ನಂಬಬೇಡಿ. ಅದು ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್‌ನಂಥ ಪೂರ್ಣ ಹೈಬ್ರಿಡ್‌ಗಳ ಕೆಲಸ, ಅದೂ ಸ್ವಲ್ಪ ದೂರ.

ಇನ್ನು ಆ ತಂದೆಯ ಪ್ರಶ್ನೆ. ಇಂಥ ಕಾರಿನಲ್ಲೂ ಬೆಳಗಿನ ಮೊದಲ ಚಾಲೂ ಹಳೆಯ ಸ್ಟಾರ್ಟರಿನದೇ, ಸೀಸದ ಬ್ಯಾಟರಿಯದೇ. ಸಿಗ್ನಲ್ಲಿನಲ್ಲಿ ತಾನಾಗಿ ನಿಂತು ಮತ್ತೆ ಏಳುವಾಗಷ್ಟೇ ಬೆಲ್ಟಿನ ಯಂತ್ರ. ವಿಚಾರಿಸಿದರೆ, ಹುಕ್ಕೇರಿಯ ಮದುವೆಗೆ ಹೋಗಿಬಂದ ಮೇಲೆ ಕಾರು ಒಂದೂವರೆ ತಿಂಗಳು ಹೊದಿಕೆಯ ಕೆಳಗೇ ಇತ್ತು! ಗಡಿಯಾರ, ಲಾಕ್, ಅಲಾರ್ಮ್‌ಗಳು ದಿನವೂ ತುಸು ತುಸು ಕುಡಿಯುತ್ತವೆ. ಇಳಿದ ಬ್ಯಾಟರಿ ಹಾಗೇ ಉಳಿದರೆ ಫಲಕಗಳ ಮೇಲೆ ಲೆಡ್ ಸಲ್ಫೇಟ್ ಗಟ್ಟಿಯಾಗುತ್ತದೆ. ಆಮೇಲೆ ಚಾರ್ಜ್ ಮಾಡಿದರೂ ಪೂರ್ತಿ ಹಿಡಿಯದು. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿದ್ದರೆ ಬಹುಶಃ ಈ ಫಜೀತಿ ತಪ್ಪುತ್ತಿತ್ತು.

ಬ್ಯಾಟರಿ ಬದಲಿಸುವಾಗ ಅಗ್ಗದ್ದಕ್ಕೆ ಕೈಹಾಕದೆ ಕಾರಿನ ಕೈಪಿಡಿ ಹೇಳಿದ ಬಗೆಯದನ್ನೇ ಕೇಳಿ. ಪದೇ ಪದೇ ನಿಂತು ಏಳುವ ಕಾರಿಗೆ ಮಾಮೂಲಿ ಬ್ಯಾಟರಿ ತಾಳದು. ಬಿಚ್ಚುವಾಗ ಮೊದಲು ಋಣ ತಂತಿ, ಜೋಡಿಸುವಾಗ ಅದು ಕೊನೆಗೆ. ಚಾರ್ಜಿಗೆ ಹಾಕಿದ ಬ್ಯಾಟರಿಯ ಹತ್ತಿರ ಬೀಡಿ ಸೇದುವವರನ್ನು ಕಂಡಿದ್ದೇನೆ. ಅದರಿಂದ ಹೊರಡುವುದು ಹೈಡ್ರೋಜನ್. ಕಿಡಿ ತಗುಲಿದರೆ ಸಿಡಿದು ಆಮ್ಲ ಕಣ್ಣಿಗೆ ಹಾರುತ್ತದೆ.

ವಿಜ್ಞಾನ ಪರೀಕ್ಷೆಯ ದಿನ ಆ ಹುಡುಗಿ ಕಾರಿನಲ್ಲೇ ಬಂದಳು. ಬ್ಯಾಟರಿ ಚಾರ್ಜ್ ಮಾಡಿಸಿ, ಹಿಂದಿನ ಸಂಜೆ ತಂದೆ ಅರಭಾವಿಯವರೆಗೆ ಒಂದು ಸುತ್ತು ಹೊಡೆದು ಬಂದಿದ್ದರಂತೆ.