ಪದಕದ ಅಂಚನ್ನು ಉಜ್ಜಬೇಡಿ

ಬಾಯಾರಿನ ಅಡಿಕೆ ತೋಟದಲ್ಲಿ ನಿಂತರೆ ಕಡಲು ಕಾಣುವುದಿಲ್ಲ. ಆದರೆ ಬಡಗಿಗೆ ಕಾರವಾರದಲ್ಲಿ 2005ರಿಂದ ಐಎನ್‌ಎಸ್ ಕದಂಬ ನೌಕಾನೆಲೆ, ತೆಂಕಿಗೆ ಏಳಿಮಲೆಯಲ್ಲಿ 2009ರಿಂದ ನೌಕಾ ಅಕಾಡೆಮಿ ಉಂಟು. ನೌಕಾಪಡೆಯಲ್ಲಿ ದುಡಿದು ಬಂದವರ ಟ್ರಂಕಿನಲ್ಲಿ ಪದಕಗಳೂ ಉಂಟು.

ಅಲ್ಲಿ ಸಿಗ್ನಲ್‌ಮ್ಯಾನ್ ಆಗಿದ್ದವರ ಕೆಲಸ ಹೊರಗಿನವರಿಗೆ ಗೊತ್ತಿರುವುದು ಕಡಿಮೆ. ಬಾವುಟ ಏರಿಸುವುದು, ದೀಪ ಮಿನುಗಿಸುವುದು. ಗಿಡ್ಡ ಮಿನುಗು, ಉದ್ದ ಮಿನುಗು ಸೇರಿದರೆ ಮೋರ್ಸ್ ಅಕ್ಷರ. ರೇಡಿಯೋ ಬಳಸಿದರೆ ವೈರಿಗೆ ಸುಳಿವು ಸಿಗುವ ಹೊತ್ತಿನಲ್ಲಿ ಹಡಗಿಗೂ ಹಡಗಿಗೂ ಮಾತು ಹೀಗೆಯೇ. ಕನ್ನಡ, ತೆಲುಗು ಎರಡರಲ್ಲೂ ಪದ್ಯ ಬರೆಯುವ ನನಗೆ ಇದು ಮೂರನೆಯ ಲಿಪಿ. ಪದ್ಯದಲ್ಲಿ ಅಕ್ಷರ ತಪ್ಪಿದರೆ ತಿದ್ದಬಹುದು, ಅಲ್ಲಿ ತಪ್ಪಿದರೆ ಹಡಗೇ ದಾರಿ ತಪ್ಪೀತು.

ಪದಕ ಓದಲು ಕಲಿತರೆ ಅವರ ನೌಕರಿಯ ಕತೆ ತಿಳಿಯುತ್ತದೆ. 9 ವರ್ಷದ ಸೇವೆಗೊಂದು, 20 ವರ್ಷಕ್ಕೊಂದು. 1971ರ ಯುದ್ಧದಲ್ಲಿ ಮೂಡಣದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಡುವಣದವರಿಗೆ ಪಶ್ಚಿಮಿ ಸ್ಟಾರ್. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಸ್ವಾತಂತ್ರ್ಯದ 25ನೇ ವರ್ಷದ ಪದಕ. ಅಂಚಿನಲ್ಲಿ ಸಾಮಾನ್ಯವಾಗಿ ನಂಬರು, ಹೆಸರು ಇರುತ್ತದೆ.

ಪದಕದ ಮಾತಿರಲಿ, ಕೆಲಸವನ್ನೇ ಕಳಕೊಂಡವರೂ ಇದ್ದರು. 1946ರ ಫೆಬ್ರವರಿ 18ರಂದು ಮುಂಬಯಿಯ ‘ತಲ್ವಾರ್’ ಸಿಗ್ನಲ್ ಶಾಲೆಯ ನಾವಿಕರು ಕೆಟ್ಟ ಊಟ, ಅವಮಾನ ಸಹಿಸದೆ ಮುಷ್ಕರ ಹೂಡಿದರು. ಸಿಗ್ನಲ್‌ಮ್ಯಾನ್ ಎಂ.ಎಸ್. ಖಾನ್ ಸಮಿತಿಯ ಅಧ್ಯಕ್ಷ, ಟೆಲಿಗ್ರಾಫಿಸ್ಟ್ ಮದನ್ ಸಿಂಗ್ ಉಪಾಧ್ಯಕ್ಷ. ಸುದ್ದಿ ಮುಟ್ಟಿಸುವುದು ಅವರ ಕಸುಬೇ ತಾನೆ? ಕಿಚ್ಚು ಕರಾಚಿಗೂ ಹಬ್ಬಿತು. ಕೊನೆಗೆ ನೂರಾರು ಮಂದಿ ವಜಾ ಆದರು.

ಮನೆಯವರಲ್ಲಿ ನನ್ನ ವಿನಂತಿ ಇಷ್ಟೇ. ಪದಕವನ್ನು ಗುಜರಿಗೆ ಹಾಕಬೇಡಿ, ಹುಣಸೆಹುಳಿ ಹಚ್ಚಿ ಉಜ್ಜಬೇಡಿ. ಸೇವೆಯ ಕಾಗದಪತ್ರದ ಜೊತೆಗೇ ಇಡಿ. ಅಂಚಿನ ಹೆಸರು ಸವೆದರೆ ಅದು ಯಾರದೆಂದು ಮೊಮ್ಮಕ್ಕಳಿಗೆ ಗೊತ್ತಾಗಲಿಕ್ಕಿಲ್ಲ.